ಒಂದೇ ಕೂಸಿನ ಹಾವುರಾಣಿ

ಹಿತ್ತಲಿನ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದು, ಹೆಜ್ಜೆಯ ಸಪ್ಪಳ ಕೇಳಿದೊಡನೆ ತರಗೆಲೆಯಡಿ ಸರಕ್ಕನೆ ನುಸುಳಿ ಮಾಯವಾಗುವ ಹಾವುರಾಣಿಯನ್ನು ಕಾಣದವರು ನಮ್ಮಲ್ಲಿ ವಿರಳ. ಅಪ್ಪಿತಪ್ಪಿ ಅದು ಹೊಸ್ತಿಲು ದಾಟಿ ನಡುಮನೆಗೆ ಬಂದಿತೋ, ಮಕ್ಕಳು ಮಂಚವನ್ನೇರುತ್ತಾರೆ. ಹೆಂಗಸರು ಪೊರಕೆ ಹುಡುಕುತ್ತಾರೆ. ಮನೆಯ ಯಜಮಾನನು ಪತ್ರಿಕೆಯಿಂದ ತಲೆಯೆತ್ತಿ ದೂರದಿಂದಲೇ ಸಲಹೆ ಕೊಡುತ್ತಾನೆ. ಅದು ಕಚ್ಚಿದರೂ ವಿಷ, ನೆಕ್ಕಿದರೂ ವಿಷ ಎಂಬ ನಂಬಿಕೆ ತಲೆತಲಾಂತರದಿಂದ ಬಂದದ್ದು. ಆ ಪ್ರತೀತಿ ಹಳೆಯ ನಿಘಂಟಿನಲ್ಲಿಯೂ ದಾಖಲಾಗಿದೆ. ನಿಜವೇನೆಂದರೆ ಆ ಬಡಪ್ರಾಣಿಯ ಬಾಯಲ್ಲಿ ವಿಷದ ಲವಲೇಶವೂ ಇಲ್ಲ.

ಹಾಗೆಯೇ ಅದು ರಾಣಿಯೂ ಅಲ್ಲ. 'ಅರಣೆ' ಎಂಬ ಹಳೆಯ ದ್ರಾವಿಡ ಶಬ್ದವೊಂದುಂಟು. ತುಳುವಿನಲ್ಲಿ ಅರಣೆ, ಮಲೆಯಾಳದಲ್ಲಿ ಅರಣ, ತಮಿಳಿನಲ್ಲಿ ಅರಣೈ. ಕನ್ನಡಿಗರ ನಾಲಗೆಯಲ್ಲಿ ಅದು ರಾಣೆಯಾಗಿ, ರಾಣಿಯಾಗಿ, ಹಾವಿನೊಡನೆ ಸಮಾಸಗೊಂಡು ಹಾವುರಾಣಿಯಾಯಿತು. ಭಾಷೆಯ ಆಕಸ್ಮಿಕದಿಂದ ತಲೆಯ ಮೇಲೆ ಕಿರೀಟವನ್ನು ಹೊತ್ತ ಜೀವಿ ಇದು. ಆದರೆ ಈ ಕುಲದಲ್ಲಿ ನಿಜವಾಗಿಯೂ ಆ ಕಿರೀಟಕ್ಕೆ ಅರ್ಹವಾದುದೊಂದು ಇದೆ. ಅದು ನಮ್ಮ ಹಿತ್ತಲಲ್ಲಿಲ್ಲ. ಸಾವಿರಾರು ಮೈಲಿಗಳಾಚೆ, ಶಾಂತಸಾಗರದ ಸಾಲೊಮನ್ ದ್ವೀಪಗಳ ಅಡವಿಯಲ್ಲಿದೆ.

ಪಪುವಾ ನ್ಯೂಗಿನಿಯ ಪೂರ್ವಕ್ಕೆ, ಆಸ್ಟ್ರೇಲಿಯದ ಈಶಾನ್ಯಕ್ಕೆ, ಎರಡು ಸಾಲಾಗಿ ಹರಡಿಕೊಂಡ ದ್ವೀಪಮಾಲೆ ಇದು. 1568ರಲ್ಲಿ ಮೆಂಡಾನ್ಯ ಎಂಬ ಸ್ಪೇನಿನ ನಾವಿಕನು ಇಲ್ಲಿಗೆ ಬಂದ. ಬೈಬಲ್ಲಿನ ಸಾಲೊಮನ್ ದೊರೆಗೆ ಚಿನ್ನ ಒದಗಿಸಿದ ನಾಡು ಇದೇ ಇರಬೇಕೆಂಬ ಆಸೆಯೇ ಈ ದ್ವೀಪಗಳಿಗೆ ಆ ಹೆಸರನ್ನು ಅಂಟಿಸಿತು. ಅವನು ಹಂಬಲಿಸಿದ ಚಿನ್ನ ಅವನಿಗೆ ಸಿಗಲಿಲ್ಲ. ಹೆಸರು ಮಾತ್ರ ನಿಂತಿತು. ಎರಡನೆಯ ಮಹಾಯುದ್ಧದ ಚರಿತ್ರೆ ಓದಿದವರಿಗೆ ಇಲ್ಲಿಯ ಗ್ವಾಡಲ್‌ಕನಾಲ್ ದ್ವೀಪ ಪರಿಚಿತವೇ. 1942ರ ಆಗಸ್ಟಿನಿಂದ 1943ರ ಫೆಬ್ರವರಿಯವರೆಗೆ ಜಪಾನೀಯರೂ ಅಮೆರಿಕನ್ನರೂ ಅಲ್ಲಿಯ ಕೆಸರಿನಲ್ಲಿ ಕಾದಾಡಿದರು. 1978ರಲ್ಲಿ ಸ್ವತಂತ್ರವಾದ ಈ ದೇಶದ ಜನಸಂಖ್ಯೆ 2019ರ ಗಣತಿಯಂತೆ ಸುಮಾರು 7 ಲಕ್ಷ. ಭಾಷೆಗಳು ಮಾತ್ರ ಎಪ್ಪತ್ತರ ಸಮೀಪ! ಯುದ್ಧದ ಫಿರಂಗಿಗಳು ಗರ್ಜಿಸುತ್ತಿದ್ದಾಗಲೂ, ಅದಕ್ಕೆ ಮೊದಲು ಅಸಂಖ್ಯ ವರ್ಷಗಳಿಂದಲೂ, ಆ ದ್ವೀಪಗಳ ಮರದ ನೆತ್ತಿಯಲ್ಲಿ ನಮ್ಮ ಕಥಾನಾಯಿಕೆ ತನ್ನ ಸಂಸಾರವನ್ನು ಸಾಗಿಸಿಕೊಂಡು ಬಂದಿದೆ.

ಅದರ ಶಾಸ್ತ್ರೀಯ ನಾಮ ಕೊರೂಸಿಯ ಝೀಬ್ರೇಟ. ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನು 1855ರಲ್ಲಿ ಇಟ್ಟ ಹೆಸರು. ಮೊದಲ ಪದ ಲ್ಯಾಟಿನ್ನಿನ 'ಮಿರುಗು' ಎಂಬರ್ಥದ ಮಾತಿನಿಂದ ಬಂದದ್ದು. ಎರಡನೆಯದು ಮೈಮೇಲಿನ ಮಾಸಲು ಪಟ್ಟೆಗಳನ್ನು ಕಂಡು ಕೊಟ್ಟ ವಿಶೇಷಣ. ಜನಸಾಮಾನ್ಯರು ಈ ಲ್ಯಾಟಿನ್ನಿನ ಗೊಡವೆಗೆ ಹೋಗದೆ, ಬಾಲವನ್ನು ನೋಡಿ 'ಕೋತಿಬಾಲದ ಹಾವುರಾಣಿ' ಎಂದುಬಿಟ್ಟರು. ನನಗೆ ಈ ಎರಡನೆಯ ಹೆಸರೇ ಹೆಚ್ಚು ಶಾಸ್ತ್ರೀಯವೆಂದು ತೋರುತ್ತದೆ. ಏಕೆಂದರೆ ಕೊಂಬೆಯನ್ನು ಸುತ್ತಿ ಹಿಡಿದು ಮೈಭಾರವನ್ನು ಆತುಕೊಳ್ಳುವ ಆ ಬಾಲವೇ ಈ ಪ್ರಾಣಿಗೆ ಐದನೆಯ ಕಾಲು.

ಜಗತ್ತಿನಲ್ಲಿ ಹಾವುರಾಣಿಯ ಪ್ರಭೇದಗಳು 1500ಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಬಹುಪಾಲು ಗೇಣುದ್ದ ದಾಟದವು. ಇದಾದರೋ ಮೂಗಿನ ತುದಿಯಿಂದ ಬಾಲದ ತುದಿಯವರೆಗೆ 80 ಸೆಂಟಿಮೀಟರುಗಳವರೆಗೆ, ಎಂದರೆ ಎರಡೂವರೆ ಅಡಿಗೂ ಮಿಕ್ಕಿ, ಬೆಳೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲ. ಇಂದು ಬದುಕಿರುವ ಹಾವುರಾಣಿಗಳಲ್ಲಿ ಇದಕ್ಕಿಂತ ಉದ್ದವಾದುದು ಬೇರೊಂದಿಲ್ಲ. ಪಾಚಿಹಸುರು ಮೈ, ಅಲ್ಲಲ್ಲಿ ಕಂದುಚುಕ್ಕೆ, ತ್ರಿಕೋನಾಕಾರದ ದೊಡ್ಡ ತಲೆ, ಬಲವಾದ ದವಡೆ, ಮೋಟುಕಾಲು, ಬಾಗಿದ ಉಗುರು. ನಮ್ಮ ಹಿತ್ತಲಿನದು ಹಗಲಿನಲ್ಲಿ ಹುಳುಹುಪ್ಪಟೆಗಳನ್ನು ಬೆನ್ನಟ್ಟಿ ಓಡಾಡುವ ಚಟುವಟಿಕೆಯ ಪ್ರಾಣಿ. ಇದು ಹಗಲೆಲ್ಲ ಮರದ ಪೊಟರೆಯಲ್ಲಿಯೋ ಬಂದಳಿಕೆಗಳ ದಟ್ಟಣೆಯಲ್ಲಿಯೋ ನಿದ್ರಿಸಿ, ಮುಸ್ಸಂಜೆ ಕವಿದ ಮೇಲೆ ಹೊರಬರುತ್ತದೆ. ಒಂದು ಕಾಲಿಟ್ಟು, ಹಿಡಿತ ಸರಿಯಾಯಿತೆ ಎಂದು ನೋಡಿ, ಬಾಲವನ್ನು ಸಡಿಲಿಸಿ, ಮತ್ತೊಂದು ಕಾಲಿಡುತ್ತದೆ. ಅವಸರವೆಂಬುದು ಅದರ ಜಾತಕದಲ್ಲಿಯೇ ಇಲ್ಲ.

ಇಷ್ಟು ನಿಧಾನಿಯಾದ ಪ್ರಾಣಿ ಏನನ್ನು ಬೇಟೆಯಾಡೀತು? ಬೇಟೆಯೇ ಇಲ್ಲ, ಅದು ಶುದ್ಧ ಸಸ್ಯಾಹಾರಿ. ಹಲ್ಲಿಯ ಬಳಗದಲ್ಲಿ ಇದು ಸೋಜಿಗದ ಸಂಗತಿ. ಎಲೆ, ಹೂ, ಕಾಯಿ, ಎಳೆಯ ಚಿಗುರು ಇವೇ ಅದರ ಭೋಜನ. ಅದರಲ್ಲಿಯೂ ಎಪಿಪ್ರೆಮ್ನಮ್ ಎಂಬ ಬಳ್ಳಿಯ ಎಲೆಯೆಂದರೆ ಬಲು ಪ್ರೀತಿ. ಆ ಹೆಸರು ಕೇಳಿ ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ತಮ್ಮ ಮನೆಯ ಕಿಟಕಿಯ ಬಳಿ ಗಾಜಿನ ಶೀಷೆಯಲ್ಲಿ ನೀರು ಹಾಕಿ ಬೆಳೆಸಿರುವ ಮನಿ ಪ್ಲಾಂಟಿನ ಕಡೆ ಒಮ್ಮೆ ನೋಡಿದರೆ ಸಾಕು. ಅದು ಇದೇ ಬಳ್ಳಿಯ ದಾಯಾದಿ. ಅದರ ತವರೂ ಶಾಂತಸಾಗರವೇ, ತಾಹಿತಿಯ ನೆರೆಯ ಮೊರೆಯಾ ದ್ವೀಪ. ಕದ್ದು ತಂದು ನೆಟ್ಟರೆ ಸಂಪತ್ತು ಬರುವುದೆಂದು ನಾವು ನಂಬಿಕೊಂಡಿರುವ ಈ ಬಳ್ಳಿ ಅಷ್ಟು ದೂರದಿಂದ ನಮ್ಮ ಪಡಸಾಲೆಗಳಿಗೆ ಬಂದಿದೆ.

ಈ ಬಳ್ಳಿಗಳು ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದವು. ಮಲೆನಾಡಿನವರಿಗೂ ಕರಾವಳಿಯವರಿಗೂ ಕೆಸುವಿನ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಪತ್ರೊಡೆಗೆಂದು ಎಲೆ ಕೊಯ್ದು ತಂದವರು ಹುಣಿಸೆಹುಳಿಯನ್ನು ಕಡಿಮೆ ಮಾಡಿದರೆ ಗಂಟಲು ಸುಮ್ಮನಿರಗೊಡುವುದಿಲ್ಲ. ಎಲೆಯ ಒಳಗೆ ಕಣ್ಣಿಗೆ ಕಾಣದ ಸೂಜಿಗಳಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅವು ನಾಲಗೆ ಗಂಟಲುಗಳಿಗೆ ಚುಚ್ಚಿಕೊಳ್ಳುವುದೇ ಆ ತುರಿಕೆಗೆ ಕಾರಣ. ಎಪಿಪ್ರೆಮ್ನಮ್ಮಿನಲ್ಲಿಯೂ ಇದೇ ಆಯುಧ. ಇತರ ಪ್ರಾಣಿಗಳಿಗೆ ಬಾಯುರಿ ತರಿಸುವ ಆ ಎಲೆಯನ್ನು ನಮ್ಮ ಕೋತಿಬಾಲದ ಹಾವುರಾಣಿ ಹುಣಿಸೆಯ ಹಂಗಿಲ್ಲದೆ ಹಸಿಹಸಿಯಾಗಿಯೇ ಮೆಲ್ಲುತ್ತದೆ.

ಆದರೆ ತಿಂದ ಎಲೆಯನ್ನು ಅರಗಿಸಿಕೊಳ್ಳುವುದು ಬೇರೆ ಸಮಸ್ಯೆ. ಎಲೆಯ ನಾರನ್ನು ಒಡೆಯುವ ಶಕ್ತಿ ಪ್ರಾಣಿಯ ಸ್ವಂತ ಜಠರಕ್ಕಿಲ್ಲ. ಹಸುವಿಗೂ ಇಲ್ಲ, ಹಾವುರಾಣಿಗೂ ಇಲ್ಲ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡಿಕೊಡಬೇಕು. ಹುಟ್ಟಿದ ಕೂಸಿನ ಕರುಳಿನಲ್ಲಾದರೋ ಈ ಸಹಾಯಕರ ನೆಲೆಯಿರುವುದಿಲ್ಲ. ನಮ್ಮ ಗೃಹಿಣಿಯರಿಗೆ ಇದು ಸುಲಭವಾಗಿ ತಿಳಿಯುವ ವಿಷಯ: ಹಾಲು ಎಷ್ಟೇ ಗಟ್ಟಿಯಾಗಿರಲಿ, ಹೆಪ್ಪಿಲ್ಲದೆ ಮೊಸರಾಗದು. ಮನೆಯಲ್ಲಿ ಹೆಪ್ಪು ಮುಗಿದಿದ್ದರೆ ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕು. ಈ ಕೂಸಿಗೂ ಹೆಪ್ಪು ಬೇಕು. ಅದನ್ನು ಅದು ಪಡೆಯುವ ಬಗೆ ಕೇಳಲು ತುಸು ಅಸಹ್ಯವೆನಿಸಬಹುದು. ಸಂಕೋಚ ಬಿಟ್ಟು ಹೇಳಿಬಿಡುತ್ತೇನೆ. ಅದು ಹಿರಿಯರ ಹಿಕ್ಕೆಯನ್ನು ತಿನ್ನುತ್ತದೆ. ಹಿರಿಯರ ಕರುಳಿನ ಸೂಕ್ಷ್ಮಜೀವಿಗಳು ಆ ಮೂಲಕ ಕಿರಿಯರ ಕರುಳಿಗೆ ಸೇರಿ ಬೇರೂರುತ್ತವೆ. ತಲೆಮಾರಿನಿಂದ ತಲೆಮಾರಿಗೆ ಹೆಪ್ಪು ದಾಟುತ್ತ ಬರುತ್ತದೆ. ಹಿರಿಯರಿಂದ ಅಗಲಿಸಲ್ಪಟ್ಟ ಕೂಸಿನ ಸುತ್ತ ಹಸುರೆಲೆ ರಾಶಿ ಬಿದ್ದಿದ್ದರೂ ಅದರ ಪಾಡು ಸುಲಭವಲ್ಲ.

ಇಲ್ಲಿಂದಲೇ ಈ ಪ್ರಾಣಿಯ ಸಂಸಾರದ ಕಥೆ ಆರಂಭವಾಗುತ್ತದೆ. ಹಲ್ಲಿ, ಓತಿ, ಆಮೆಗಳ ಸಂಗತಿ ನಮಗೆ ಗೊತ್ತು. ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಬೆನ್ನು ತಿರುಗಿಸಿ ನಡೆದುಬಿಟ್ಟರೆ ಅಲ್ಲಿಗೆ ತಾಯ್ತನ ತೀರಿತು. ಹತ್ತು ಮರಿಗಳಲ್ಲಿ ಎಂಟನ್ನು ಕಾಗೆ ಕೊಂಡೊಯ್ದರೂ ಎರಡು ಉಳಿದಾವು ಎಂಬ ಲೆಕ್ಕಾಚಾರ ಅವುಗಳದು. ಕೋತಿಬಾಲದ ಹಾವುರಾಣಿ ಈ ಲೆಕ್ಕವನ್ನು ತಲೆಕೆಳಗು ಮಾಡಿದೆ. ಅದು ಮೊಟ್ಟೆಯಿಡುವುದಿಲ್ಲ, ಮರಿಯನ್ನು ಒಡಲಲ್ಲಿ ಹೊರುತ್ತದೆ. ಒಂದು ದಿನವಲ್ಲ, ಎರಡು ದಿನವಲ್ಲ, ಆರರಿಂದ ಎಂಟು ತಿಂಗಳು! ತಾಯಿಯ ಶರೀರದಿಂದಲೇ ಭ್ರೂಣಕ್ಕೆ ಪೋಷಣೆ ಸಲ್ಲುತ್ತದೆ. ಕೊನೆಗೆ ಹುಟ್ಟುವುದು ಒಂದೇ ಒಂದು ಮರಿ. ಅವಳಿಗಳು ಬಲು ಅಪರೂಪ. ಹುಟ್ಟುವಾಗಲೇ ಕೂಸಿನ ಉದ್ದ ಸುಮಾರು ಒಂದಡಿ, ಎಂದರೆ ತಾಯಿಯ ಉದ್ದದ ಮೂರರಲ್ಲೊಂದು ಪಾಲಿಗೂ ಮಿಗಿಲು. ನಮ್ಮ ಹಿತ್ತಲಿನ ಹಾವುರಾಣಿ ಪೂರ್ಣ ಬೆಳೆದರೂ ಆ ನವಜಾತ ಶಿಶುವಿನ ಮುಂದೆ ಪುಟ್ಟದಾಗಿ ಕಾಣುವುದು.

ಹೆತ್ತ ಮೇಲೆ ತಾಯಿ ಕೂಸನ್ನು ತೊರೆದು ಹೋಗುವುದಿಲ್ಲ. ಆರು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಅದು ತಾಯಿಯ ಬಳಿಯಲ್ಲೇ ಬೆಳೆಯುತ್ತದೆ. ಬೇರೆ ಸಮಯದಲ್ಲಿ ಸಾಧುವಾಗಿ, ಮುಟ್ಟಿದರೂ ಸುಮ್ಮನಿರುವ ಹೆಣ್ಣು ಈ ಅವಧಿಯಲ್ಲಿ ದುರ್ಗೆಯಾಗುತ್ತದೆ. ಬಾಯ್ದೆರೆದು ಬುಸುಗುಟ್ಟುತ್ತದೆ, ಕಚ್ಚಲು ಹಿಂಜರಿಯುವುದಿಲ್ಲ. ಗಟ್ಟಿಯೆಲೆ ಜಗಿಯುವ ದವಡೆಯ ಕಡಿತ ಹುಡುಗಾಟದ ಮಾತಲ್ಲ. ಮೃಗಾಲಯದ ಪಾಲಕರು ಹೆರಿಗೆಯಾದ ಗೂಡಿಗೆ ಕೈಹಾಕುವಾಗ ಬಹು ಜಾಗರೂಕರಾಗಿರುತ್ತಾರೆ. ತಾಯಿಮಗು ಇಬ್ಬರೇ ಅಲ್ಲ. ಒಂದೇ ಮರವನ್ನು ನಂಬಿದ ಹಲವು ಪ್ರಾಣಿಗಳು ಗುಂಪಾಗಿ ಬಾಳುವುದೂ ಉಂಟು. ಈ ಗುಂಪಿಗೆ ಲ್ಯಾಟಿನ್ನಿನಲ್ಲಿ 'ವೃತ್ತ' ಎಂಬರ್ಥದ 'ಸರ್ಕ್ಯುಲಸ್' ಎಂಬ ಹೆಸರನ್ನು ಕೊಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಅವಿಭಕ್ತ ಕುಟುಂಬ. ವೃತ್ತದ ಒಳಗಿನವರಲ್ಲಿ ಸಹನೆ. ಹೊರಗಿನಿಂದ ಬಂದ ಅಪರಿಚಿತನಿಗೆ ಏಟು. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದೂ ಹೊಸದಾಗಿ ಕಾಣಲಾರದು.

ಸರೀಸೃಪಗಳಿಗೆ ವಾತ್ಸಲ್ಯವೆಂಬುದೇ ಇಲ್ಲವೆಂದು ಬಹುಕಾಲ ಪಂಡಿತರೂ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ ಪ್ರಾಣಿಗಳಲ್ಲಿ ಈ ಮನೆತನದವು ಹಲವು. ಇದರ ಬಂಧುಗಳು ಆಸ್ಟ್ರೇಲಿಯದಲ್ಲಿವೆ. ಅವುಗಳಲ್ಲಿ ಒಂದು ಬಗೆಯ ಮೋಟುಬಾಲದ ಹಾವುರಾಣಿಯ ಗಂಡುಹೆಣ್ಣುಗಳು ವರ್ಷದ ಬಹುಭಾಗ ಬೇರೆಬೇರೆಯಾಗಿ ಅಲೆದು, ವಸಂತ ಬಂದೊಡನೆ ಹಿಂದಿನ ವರ್ಷದ ಸಂಗಾತಿಯನ್ನೇ ಹುಡುಕಿ ಕೂಡಿಕೊಳ್ಳುತ್ತವೆ. ಆದರೆ ಅವು ನೆಲದ ಮೇಲಿನ ಪ್ರಾಣಿಗಳು. ಮರವನ್ನೇ ಮನೆಯಾಗಿಸಿಕೊಂಡು ಇಷ್ಟು ಎತ್ತರದಲ್ಲಿ ಸಂಸಾರ ಹೂಡಿದ್ದು ಸಾಲೊಮನ್ ದ್ವೀಪಗಳ ಈ ದೊಡ್ಡಮ್ಮ.

ಆ ಮನೆಯನ್ನು ಕುರಿತು ಎರಡು ಮಾತು ಹೇಳಬೇಕು. ನಮ್ಮೂರಿನ ಗೋಳಿಮರವೋ ಬಸರಿಮರವೋ ಬೇರೊಂದು ಮರದ ಕವಲಿನಲ್ಲಿ ಮೊಳೆತು, ಬಿಳಲುಗಳನ್ನು ಕೆಳಗಿಳಿಸಿ, ಆಶ್ರಯ ಕೊಟ್ಟ ಮರವನ್ನೇ ಅಪ್ಪಿ ಹಿಸುಕುವುದನ್ನು ವಾಚಕರು ಕಂಡಿರಬಹುದು. ಸಾಲೊಮನ್ ದ್ವೀಪಗಳ ಅಡವಿಯಲ್ಲಿಯೂ ಇಂತಹ ಕೊರಳುಹಿಸುಕುವ ಅತ್ತಿಯ ಜಾತಿಯ ಮರಗಳಿವೆ. ಕಾಲಾಂತರದಲ್ಲಿ ಒಳಗಿನ ಮರ ಸತ್ತು ಕೊಳೆತುಹೋಗಿ, ಹೆಣೆದ ಬೇರುಗಳ ನಡುವೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳುಗಳೇ ಕೋತಿಬಾಲದ ಹಾವುರಾಣಿಯ ಮಲಗುವ ಕೋಣೆ, ಹೆರಿಗೆಮನೆ, ತೊಟ್ಟಿಲು. ಅಡುಗೆಮನೆಯೂ ದೂರವಿಲ್ಲ, ಮರಕ್ಕೆ ಹಬ್ಬಿದ ಬಳ್ಳಿಯೇ ಊಟ. ಮನೆಯ ಒಂದೊಂದು ಕೋಣೆ ಸಿದ್ಧವಾಗುವುದಕ್ಕೂ ಹತ್ತಾರು ವರ್ಷ ಬೇಕು.

ಈಗ ಲೆಕ್ಕ ಹಾಕಿ. ಮೃಗಾಲಯಗಳಲ್ಲಿ ಈ ಪ್ರಾಣಿ 20 ವರ್ಷಗಳಿಗೂ ಮಿಕ್ಕಿ ಬಾಳಿದೆ. ಹರೆಯಕ್ಕೆ ಬರಲು ಮೊದಲ ಕೆಲವು ವರ್ಷಗಳು ಸಂದುಹೋಗುತ್ತವೆ. ಅನಂತರ ವರ್ಷಕ್ಕೊಂದರಂತೆ ತಪ್ಪದೆ ಹೆತ್ತರೂ ಒಂದು ಹೆಣ್ಣಿನ ಜೀವಮಾನದ ಸಂತಾನ ಒಂದು ಕ್ರಿಕೆಟ್ ತಂಡಕ್ಕಿಂತ ಬಹಳ ಹೆಚ್ಚಾಗದು. ಹಾಗೆ ತಪ್ಪದೆ ಹೆರುವ ಭಾಗ್ಯ ಅಡವಿಯಲ್ಲಿ ಎಷ್ಟಕ್ಕೆ ಇದ್ದೀತು? ಮಿತವ್ಯಯದ ಈ ಸಂಸಾರ ಶತ್ರುಗಳು ವಿರಳವಾದ, ಮರಗಳು ಶಾಶ್ವತವಾದ ದ್ವೀಪದಲ್ಲಿ ಬಹು ಚೆನ್ನಾಗಿ ನಡೆಯಿತು. ದ್ವೀಪವಾಸಿಗಳು ಇದನ್ನು ಹಿಡಿದು ತಿನ್ನುವುದು ಹಿಂದಿನಿಂದಲೂ ಇದ್ದದ್ದೇ. ಆದರೂ ಕಾಡು ಕಾಡಾಗಿದ್ದ ಕಾಲದಲ್ಲಿ ಸಂತತಿ ಉಳಿದುಕೊಂಡಿತು.

ಮೊದಲ ಪೆಟ್ಟು ತೆಂಗಿನ ತೋಟಗಳಿಂದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನ ಸಾಬೂನಿಗೆ ಬೇಕಾದ ಕೊಬ್ಬರಿಗಾಗಿ ಕರಾವಳಿಯ ಕಾಡನ್ನು ತೆಗೆದು ತೆಂಗು ನೆಟ್ಟರು. ತೆಂಗಿನ ನೇರವಾದ ಬೋಳು ಕಾಂಡದಲ್ಲಿ ಪೊಟರೆಯೆಲ್ಲಿ, ಬಳ್ಳಿಯೆಲ್ಲಿ? ಆಮೇಲೆ ಬಂದದ್ದು ಶೋಕಿಯ ವ್ಯಾಪಾರ. ಎಂತಹ ಪ್ರಾಣಿಯನ್ನಾದರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಹಬ್ಬಿತು. ಸಾಧುವಾದ, ಸೊಪ್ಪು ತಿನ್ನುವ, ಬಾಲದಲ್ಲಿ ಜೋತಾಡುವ ಈ ಹಾವುರಾಣಿಗೆ ಗಿರಾಕಿಗಳು ಒದಗಿದರು. 1990ರ ದಶಕದ ಆದಿಯ ಕೆಲವೇ ವರ್ಷಗಳಲ್ಲಿ ಸಾವಿರಾರು ಪ್ರಾಣಿಗಳು ಅಮೆರಿಕೆಗೆ ಹಡಗು ವಿಮಾನಗಳಲ್ಲಿ ಸಾಗಿಹೋದವು. ನಿಧಾನವಾಗಿ ಚಲಿಸುವ, ಒಂದೇ ಮರಕ್ಕೆ ಅಂಟಿಕೊಂಡ ಪ್ರಾಣಿಯನ್ನು ಹಿಡಿಯುವುದೇನು ದೊಡ್ಡ ಸಾಹಸ? ಒಂದು ಮರ ಹತ್ತಿದರೆ ಒಂದು ಕುಟುಂಬವೇ ಚೀಲಕ್ಕೆ ಬೀಳುತ್ತದೆ. 1992ರಲ್ಲಿ ವನ್ಯಜೀವಿ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಇದರ ಹೆಸರು ಸೇರಿತು. ಮುಂದೆ ಸಾಲೊಮನ್ ದ್ವೀಪಗಳ ಸರಕಾರವೂ ರಫ್ತಿಗೆ ಕಡಿವಾಣ ಹಾಕಿತು.

ಚೀಲದಿಂದ ತಪ್ಪಿಸಿಕೊಂಡವನ್ನು ಗರಗಸ ಕಾಯುತ್ತಿತ್ತು. 1980ರ ದಶಕದಿಂದೀಚೆಗೆ ವಿದೇಶೀ ಮರದ ಕಂಪನಿಗಳು ದ್ವೀಪದಿಂದ ದ್ವೀಪಕ್ಕೆ ನಡೆದುಬಂದವು. ನಮ್ಮ ಸುರಹೊನ್ನೆಯ ಜಾತಿಗೆ ಸೇರಿದ ಹೆಮ್ಮರಗಳೂ ಇತರ ಬೆಲೆಬಾಳುವ ಮರಗಳೂ ದಿಮ್ಮಿಗಳಾಗಿ, ಬಹುಪಾಲು ಚೀನಕ್ಕೆ, ಹೊರಟವು. 2015ರ ನಂತರದ ಕೆಲವು ವರ್ಷಗಳಲ್ಲಿ ಈ ಪುಟ್ಟ ದೇಶದಿಂದ ವರ್ಷಕ್ಕೆ 20 ಲಕ್ಷ ಘನಮೀಟರಿಗೂ ಹೆಚ್ಚು ದಿಮ್ಮಿ ಹೊರಹೋಯಿತು. ಕಾಡು ತಾನಾಗಿ ತುಂಬಿಕೊಡಬಲ್ಲ ಪ್ರಮಾಣಕ್ಕಿಂತ ಇದು ಹಲವು ಪಟ್ಟು. ಕೊರಳುಹಿಸುಕುವ ಅತ್ತಿಮರಕ್ಕೆ ಪೇಟೆಯಲ್ಲಿ ಬೆಲೆಯಿಲ್ಲವೆಂಬುದು ನಿಜ. ಆದರೆ ಅದು ಅಪ್ಪಿಕೊಂಡಿರುವ ಮರಕ್ಕೆ ಬೆಲೆಯಿದ್ದರೆ ಎರಡೂ ಒಟ್ಟಿಗೆ ಉರುಳುತ್ತವೆ. ಉಳಿದದ್ದು ಬುಲ್‌ಡೋಜರಿನ ದಾರಿಗೆ ಆಹುತಿ. ಹಕ್ಕಿಯಾದರೆ ಮುಂದಿನ ಬೆಟ್ಟಕ್ಕೆ ಹಾರೀತು. ಕೊಂಬೆಯಿಂದ ಕೊಂಬೆಗೆ ಹಿಡಿತ ಪರೀಕ್ಷಿಸಿ ನಡೆಯುವ ಪ್ರಾಣಿ ಬಯಲನ್ನು ಹೇಗೆ ದಾಟಬೇಕು?

ಇದಕ್ಕೆ ದ್ವೀಪವಾಸಿಗಳನ್ನು ದೂರುವುದು ಸುಲಭ. ಅಲ್ಲಿಯ ನೆಲದಲ್ಲಿ ನೂರಕ್ಕೆ 80 ಪಾಲಿಗೂ ಮಿಕ್ಕಿ ಬುಡಕಟ್ಟುಗಳ ಪರಂಪರಾಗತ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ. ಹಾಗಾದರೆ ಒಪ್ಪಿದ್ದೇಕೆ ಎಂದು ಕೇಳಬಹುದು. ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಗೆ ಹೋಗುವ ದೋಣಿಗೆ ಎಣ್ಣೆ, ಮನೆಗೆ ತಗಡು, ಇವಕ್ಕೆಲ್ಲ ನಗದು ಬೇಕು; ನಗದು ಹಿಡಿದು ಹಳ್ಳಿಯ ಬಾಗಿಲಿಗೆ ಬಂದವರು ಮರದ ಕಂಪನಿಯವರು. ದಿಮ್ಮಿಯ ಬೆಲೆಯಲ್ಲಿ ಭೂಮಿಯ ಒಡೆಯರ ಕೈಸೇರುವುದು ಅಲ್ಪಾಂಶ. ಆ ಅಲ್ಪಾಂಶವೂ ಒಪ್ಪಂದಕ್ಕೆ ಸಹಿ ಹಾಕಿದ ನಾಲ್ಕಾರು ಮಂದಿಯನ್ನು ದಾಟಿ ಎಲ್ಲರಿಗೂ ಮುಟ್ಟುವುದಿಲ್ಲ. ಬಡವನ ತೋಟದ ಮಾವು ಹೂಬಿಡುವಾಗಲೇ ಗುತ್ತಿಗೆಗೆ ಹೋಗುವುದನ್ನು ಕಂಡ ನಮಗೆ ಅವರ ಇಕ್ಕಟ್ಟು ಅರ್ಥವಾಗದೆ ಹೋಗಬಾರದು.

ಎಲ್ಲರೂ ಸಹಿ ಹಾಕಲಿಲ್ಲ. ವಾಯವ್ಯದಲ್ಲಿ, ಸ್ಥಳೀಯರು ಲೌರು ಎಂದು ಕರೆಯುವ ಚಾಯ್ಸೂಲ್ ಎಂಬ ದ್ವೀಪವಿದೆ; ಕೋತಿಬಾಲದ ಹಾವುರಾಣಿಯ ನೆಲೆಗಳಲ್ಲಿ ಅದೂ ಒಂದು. ಅಲ್ಲಿಯ ಸಿರೇಬೆ ಬುಡಕಟ್ಟಿನವರು 2019ರಲ್ಲಿ ತಮ್ಮ ಕಾಡನ್ನು ದೇಶದ ಕಾನೂನಿನ ಪ್ರಕಾರ ರಕ್ಷಿತ ಪ್ರದೇಶವಾಗಿ ಘೋಷಿಸಿಕೊಂಡರು. ಅಲ್ಲಿ ದಿಮ್ಮಿಗಾಗಿ ಮರ ಕಡಿಯುವಂತಿಲ್ಲ, ಗಣಿ ತೋಡುವಂತಿಲ್ಲ. ನಿಂತ ಮರ ಗಾಳಿಯ ಇಂಗಾಲವನ್ನು ಹಿಡಿದಿಟ್ಟುಕೊಳ್ಳುವ ಉಪಕಾರಕ್ಕೆ ಬೆಲೆ ಕಟ್ಟಿ, ಹೊರದೇಶದವರು ಕೊಳ್ಳುವ ಇಂಗಾಲದ ಪತ್ರಗಳಿಂದ ಅವರಿಗೆ ಹಣ ಬರುವ ಏರ್ಪಾಡಾಗಿದೆ. ಕಡಿಯದೆ ಬಿಟ್ಟ ಮರಕ್ಕೂ ಬಾಡಿಗೆ ಎಂಬುದು ನಮ್ಮ ಹಿರಿಯರು ಕೇಳಿದ್ದರೆ ನಕ್ಕುಬಿಡುತ್ತಿದ್ದ ಮಾತು. ಊರಿನ ತರುಣರೇ ಕಾವಲುಗಾರರಾಗಿ ಗಡಿಯ ಗುರುತುಗಳನ್ನು ನೋಡಿಕೊಂಡು ಆ ಕಾಡಿನಲ್ಲಿ ತಿರುಗುತ್ತಾರೆ. ನೆರೆಯ ಬುಡಕಟ್ಟುಗಳೂ ಅದೇ ಹಾದಿ ಹಿಡಿದಿವೆ.

ಕಾವಲುಗಾರರು ಮನೆಗೆ ಮರಳುವ ಹೊತ್ತಿಗೆ ಪೊಟರೆಯ ಬಾಯಲ್ಲಿ ತ್ರಿಕೋನಾಕಾರದ ತಲೆಯೊಂದು ಕಾಣಿಸಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು, ಚಿಕ್ಕದು. ದೊಡ್ಡದು ಬಳ್ಳಿಯತ್ತ ಒಂದು ಕಾಲಿಡುತ್ತದೆ, ಹಿಡಿತ ನೋಡುತ್ತದೆ, ಬಾಲವನ್ನು ಸಡಿಲಿಸುತ್ತದೆ. ಚಿಕ್ಕದು ತನ್ನ ಬಾಲವನ್ನು ಕೊಂಬೆಗೆ ಸುತ್ತಿ ಅದರ ಹಿಂದೆ ಹೊರಡುತ್ತದೆ.